ಪ್ರಮಾಣಪತ್ರದ ಕಟ್ಟು ಮತ್ತು ನವೋದಯದ ಸೀಟು

ಮಗು ನಾಲ್ಕನೇ ತರಗತಿ ದಾಟಿತೆಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಅವಸರ ಶುರುವಾಗುತ್ತದೆ. ಒಂದು ಮನೆಯಲ್ಲಿ ಚಿತ್ರಕಲೆ, ಭಾಷಣ, ಸ್ತೋತ್ರ ಪಠಣ, ಓಟ ಎಂದು ಸಿಕ್ಕ ಸ್ಪರ್ಧೆಗೆಲ್ಲ ಮಗುವನ್ನು ಕಳಿಸಿ ಪ್ರಮಾಣಪತ್ರಗಳನ್ನು ಜೋಡಿಸಿಡುತ್ತಾರೆ. ಮುಂದೆ ಒಳ್ಳೆಯ ಶಾಲೆಯ ಸೀಟಿಗೆ ಇವು ಬೇಕಾಗುತ್ತವೆ ಎಂಬುದು ಅವರ ಲೆಕ್ಕ. ಇನ್ನೊಂದು ಮನೆಯಲ್ಲಿ ಹಾಡು, ಆಟ ಎಲ್ಲ ಬಿಡಿಸಿ ಬೆಳಿಗ್ಗೆ, ಸಂಜೆ ಟ್ಯೂಷನ್ನಿಗೆ ಕೂರಿಸುತ್ತಾರೆ. ಇಬ್ಬರ ಕಣ್ಣೂ ಹೆಚ್ಚಾಗಿ ಜವಾಹರ ನವೋದಯ ವಿದ್ಯಾಲಯದ ಮೇಲೆ. ಎರಡೂ ಲೆಕ್ಕ ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ಬೆಳೆದ ಈ ಕೇಂದ್ರ ಸರ್ಕಾರದ ವಸತಿ ಶಾಲೆಗಳು ಗಡಿನಾಡಿನ ನಮಗೆ ದೂರದವಲ್ಲ. ಕಾಸರಗೋಡಿನವರಿಗೆ ಪೆರಿಯ, ವಯನಾಡಿನವರಿಗೆ ಲಕ್ಕಿಡಿ, ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಪೋಖರಾಪುರ, ಜತ್ತದವರಿಗೆ ಪಲೂಸ್, ಆದವಾನಿಯವರಿಗೆ ಬನವಾಸಿ, ಮಡಕಶಿರಾದವರಿಗೆ ಲೇಪಾಕ್ಷಿ. ಹಿಂದಿಯ ಪ್ರಶ್ನೆಯಿಂದಾಗಿ ತಮಿಳುನಾಡು ಸರ್ಕಾರ ಈ ಯೋಜನೆಯನ್ನು ಒಪ್ಪದ ಕಾರಣ ಹೊಸೂರು, ತಾಳವಾಡಿಯ ಬಂಧುಗಳಿಗೆ ಮಾತ್ರ ಈ ಅನುಕೂಲ ಒದಗಲಿಲ್ಲ.

ಆರನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಪೇಟೆಯ ಶಾಲೆಗೇ ಮಕ್ಕಳನ್ನು ಕಳಿಸುವ ನಮ್ಮವರು ಇದನ್ನು ಮೊದಲೇ ತಿಳಿದಿರಬೇಕು. ಮಗು ಅದೇ ಜಿಲ್ಲೆಯಲ್ಲಿ ಐದನೇ ತರಗತಿ ಓದುತ್ತಿರಬೇಕು. ಪರೀಕ್ಷೆ ಎರಡು ಗಂಟೆಯದು, 80 ಪ್ರಶ್ನೆ, 100 ಅಂಕ. ಅದರಲ್ಲಿ 50 ಅಂಕ ಬುದ್ಧಿಶಕ್ತಿಗೆ, 25 ಗಣಿತಕ್ಕೆ, 25 ಭಾಷೆಗೆ. ಒಮ್ಮೆ ಬರೆದವರು ಮತ್ತೆ ಬರೆಯುವಂತಿಲ್ಲ. ಸಂದರ್ಶನವಿಲ್ಲ; ಪ್ರಮಾಣಪತ್ರಗಳಿಗೆ ಒಂದು ಅಂಕವೂ ಇಲ್ಲ.

ಹಾಗಾದರೆ ಆ ಕಟ್ಟು ಇದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಅವರ ಇಬ್ಬರು ಸಂಗಡಿಗರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿಕೊಂಡಿದ್ದರು. ಕೆಲವರಿಗೆ, ಚಿತ್ರ ಬರೆದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಕೊಡಲೇ ಇಲ್ಲ. ಒಂದೆರಡು ವಾರ ಕಳೆದು ಬಿಡುವಿನ ಹೊತ್ತಿನಲ್ಲಿ ಪೆನ್ನುಗಳನ್ನು ಇಟ್ಟು ನೋಡಿದಾಗ, ಆಸೆ ತೋರಿಸಿ ಬರೆಸಿದ ಮಕ್ಕಳು ಉಳಿದವರ ಸುಮಾರು ಅರ್ಧ ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ವ್ಯಾಪಾರ ಬಲ್ಲ ನಮಗೆ ಇದು ಬೇಗ ಅರ್ಥವಾಗಬೇಕು. ಇಷ್ಟದ ಕೆಲಸಕ್ಕೆ ದರ ಕಟ್ಟಿದರೆ, ದರ ನಿಂತ ದಿನ ಕೆಲಸವೂ ನಿಲ್ಲುತ್ತದೆ. ಮಗು ಹಾಡಿದರೆ ಕೂತು ಕೇಳೋಣ, ಬಹುಮಾನ ಬಂದರೆ ಸಂತೋಷಪಡೋಣ. ಬಹುಮಾನಕ್ಕಾಗಿ ಹಾಡಿಸುವುದು ಬೇಡ.

ಹಾಗೆಂದು ಎರಡನೆಯ ಮನೆಯವರಂತೆ ಎಲ್ಲವನ್ನೂ ಬಿಡಿಸುವುದೂ ತರವಲ್ಲ. ಸೀಟು ಸಿಕ್ಕಿದರೆ ಹತ್ತು, ಹನ್ನೊಂದು ವರ್ಷದ ಮಗು ತಾಯಿಯನ್ನು ಬಿಟ್ಟು ವಸತಿಗೃಹದಲ್ಲಿರಬೇಕು. ಒಂಬತ್ತನೇ ತರಗತಿಯಲ್ಲಿ ಸುಮಾರು ಶೇಕಡಾ 30 ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಸೀಮೆಯ ನವೋದಯಕ್ಕೆ ಕಳಿಸುವ ಪದ್ಧತಿಯೂ ಇದೆ. ಅಲ್ಲಿ ಖೊಖೊ ಆಡುವ, ಹಾಡುವ, ನಾಲ್ಕು ಜನರ ಮುಂದೆ ಮಾತಾಡಬಲ್ಲ ಮಗುವಿಗೆ ಗೆಳೆಯರು ಬೇಗ ಸಿಗುತ್ತಾರೆ. ಬರೀ ಗೈಡು ಓದಿಕೊಂಡು ಹೋದ ಮಗು ಮೂಲೆ ಹಿಡಿದು ಕೂರುತ್ತದೆ.

ಗಣಿತಕ್ಕೂ ನಮ್ಮಲ್ಲಿ ಒಂದು ಅನುಕೂಲವಿದೆ. ತೂಕ, ಅಳತೆ, ಹಣ, ಲಾಭ ನಷ್ಟ ಇವೆಲ್ಲ ಪರೀಕ್ಷೆಗೆ ಬರುವ ವಿಷಯಗಳು. ಭಾನುವಾರ ಒಂದು ಗಂಟೆ ಮಗುವನ್ನು ಗಲ್ಲಾದ ಪಕ್ಕ ಕೂರಿಸಿಕೊಳ್ಳಿ. ಕಿಲೋಗೆ 96 ರೂಪಾಯಿಯಾದರೆ 750 ಗ್ರಾಮಿಗೆ ಎಷ್ಟು ಎಂದು ಕ್ಯಾಲ್ಕುಲೇಟರ್ ಮುಟ್ಟದೆ ಹೇಳಲಿ. ತಪ್ಪಾದರೆ ಗಿರಾಕಿಯ ಮುಂದೆ ಗದರಬೇಡಿ.

ಇನ್ನೊಂದು ವಿಷಯವನ್ನು ಅರ್ಜಿ ಹಾಕುವ ಮೊದಲೇ ಯೋಚಿಸಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಸೂರ್ಯಾಸ್ತದ ನಂತರ ಊಟವಿಲ್ಲ, ಕಂದಮೂಲವಿಲ್ಲ. ನೂರಾರು ಮಕ್ಕಳಿಗೆ ಒಟ್ಟಿಗೆ ಬಡಿಸುವ ಕಡೆ ಇದೆಲ್ಲ ನಡೆಯುತ್ತದೆಂದು ಊಹಿಸಿಕೊಂಡು ಕಳಿಸಬೇಡಿ. ತಂದೆ ತಾಯಿ ಒಮ್ಮೆ ಶಾಲೆಗೇ ಹೋಗಿ ಸಂಜೆಯ ಊಟ ಎಷ್ಟು ಗಂಟೆಗೆ, ಏನೇನು ಬಡಿಸುತ್ತಾರೆ ಎಂದು ಕೇಳಿ ಬನ್ನಿ. ಯಾವ ನಿಯಮ ಉಳಿಸಿಕೊಳ್ಳಬಹುದು, ಯಾವುದು ಕಷ್ಟ ಎಂಬುದನ್ನು ಅಜ್ಜ, ಅಜ್ಜಿಯರ ಎದುರಿಗೆ ಮಗುವಿನ ಜೊತೆ ಮಾತಾಡಿ. ಇಲ್ಲಿ ಒಂದು ಹೇಳಿ, ಅಲ್ಲಿ ಇನ್ನೊಂದು ಮಾಡಿ, ರಜೆಗೆ ಬಂದಾಗ ಮುಚ್ಚಿಡುವ ಸ್ಥಿತಿಗೆ ಮಗುವನ್ನು ತರಬಾರದು. ಕಳಿಸುವುದು ಬೇಡವೆಂದು ತೋರಿದರೆ ಅದೂ ತಪ್ಪಲ್ಲ.

ವರ್ಷಕ್ಕೆ ಲಕ್ಷಾಂತರ ಮಕ್ಕಳು ಬರೆಯುವ ಈ ಪರೀಕ್ಷೆಯಲ್ಲಿ ಸೀಟು ಸಿಗದವರೇ ಬಹಳ. ಫಲಿತಾಂಶದ ದಿನ ನೆರೆಮನೆಯ ಮಗುವಿನೊಡನೆ ಹೋಲಿಸಬೇಡಿ. ಪರೀಕ್ಷೆಗೆಂದು ನಿಲ್ಲಿಸಿದ ಸಂಗೀತ ಪಾಠವೋ ಆಟವೋ ಇದ್ದರೆ, ಸೀಟು ಬಂದರೂ ಬಾರದಿದ್ದರೂ ಮರುದಿನದಿಂದಲೇ ಮತ್ತೆ ಶುರುಮಾಡಿಸಿ.