ಯಾವ ಲಿನಕ್ಸ್ ಎಂಬುದು ಒಬ್ಬರ ಪ್ರಶ್ನೆಯಲ್ಲ

ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಪರಿಷ್ಕರಣೆಯ ಅವಕಾಶವನ್ನು ಕಂಪನಿ ಘೋಷಿಸಿತಾದರೂ ಅದು ಗಡುವಿನ ಮುಂದೂಡಿಕೆಯೇ ಹೊರತು ಪರಿಹಾರವಲ್ಲ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿರಬೇಕು, ಪ್ರೊಸೆಸರ್ ಸ್ಥೂಲವಾಗಿ 2018ರಿಂದೀಚಿನದಾಗಿರಬೇಕು. ಪರಿಣಾಮವಾಗಿ, ನಿನ್ನೆಯವರೆಗೆ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದ ಅಸಂಖ್ಯ ಕಂಪ್ಯೂಟರುಗಳು ಯಾವ ಭಾಗವೂ ಕೆಡದೆಯೇ ಹಳೆಯವಾಗಿಬಿಟ್ಟಿವೆ.

ಮಹಾನಗರದ ಕಚೇರಿಗಳಿಗೆ ಇದು ಮುಂದಿನ ಬಜೆಟ್ಟಿನ ಒಂದು ಬಾಬ್ತು ಮಾತ್ರ. ಅರಸೀಕೆರೆ ಮತ್ತು ಕಡೂರಿನ ನಡುವೆ ರೈಲು ಹಾದಿಯಲ್ಲಿರುವ ಬಾಣಾವರದಂತಹ ಹೋಬಳಿ ಕೇಂದ್ರದಿಂದ ನೋಡುವ ನನಗೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಇಂಥ ಊರುಗಳ ಜೆರಾಕ್ಸ್ ಅಂಗಡಿ, ಸಹಕಾರ ಸಂಘ, ಶಾಲೆ, ಕೊಬ್ಬರಿ ವ್ಯಾಪಾರಿಯ ಮಳಿಗೆಗಳಲ್ಲಿ ಕಂಪ್ಯೂಟರನ್ನು ಅದು ಸಂಪೂರ್ಣವಾಗಿ ಕೈಕೊಡುವವರೆಗೂ ಬಳಸುವುದೇ ರೂಢಿ. ಇಲ್ಲಿನ ಬಹುತೇಕರು ಅಸುರಕ್ಷಿತ ವಿಂಡೋಸ್‌ನಲ್ಲಿಯೇ ಮುಂದುವರಿಯುತ್ತಾರೆ ಎಂಬುದು ನನ್ನ ಆತಂಕ. ಹಣ ತೆರದೆ ಹೊರಬರುವ ದಾರಿಯೊಂದಿದೆ; ಅದು ಲಿನಕ್ಸ್.

ಆದರೆ ಆ ದಾರಿಯ ಮೊದಲ ಹೆಜ್ಜೆಯಲ್ಲಿಯೇ ಜನ ಎಡವುತ್ತಾರೆ. ಏಕೆಂದರೆ ಲಿನಕ್ಸ್ ಎಂಬ ಹೆಸರಿನ ಒಂದೇ ಸರಕು ಇಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದದ್ದು ತಿರುಳು ಮಾತ್ರ. ಅದರೊಂದಿಗೆ 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನೂ ಯೋಜನೆಯ ಸಲಕರಣೆಗಳನ್ನೂ ಇತರ ತಂತ್ರಾಂಶಗಳನ್ನೂ ಸೇರಿಸಿ ಕಟ್ಟಿಕೊಡುವ ಪ್ಯಾಕೇಜಿಗೆ ವಿತರಣೆ ಅಥವಾ ಡಿಸ್ಟ್ರೋ ಎಂದು ಹೆಸರು. ಡೆಬಿಯನ್, ಉಬುಂಟು, ಮಿಂಟ್, ಫೆಡೋರಾ ಮುಂತಾಗಿ ಇಂಥವು ನೂರಾರು ಇವೆ. ಯಾವುದು ಶ್ರೇಷ್ಠ ಎಂಬ ಚರ್ಚೆ ಬಲ್ಲವರ ನಡುವೆ ಎಂದೂ ಮುಗಿಯುವುದಿಲ್ಲ. ಅದನ್ನು ಕೇಳಿದ ಹೊಸಬ ಕೈಚೆಲ್ಲಿ ವಿಂಡೋಸ್‌ಗೇ ಮರಳುತ್ತಾನೆ.

ನನ್ನ ದೃಷ್ಟಿಯಲ್ಲಿ ಈ ಭೇದಗಳನ್ನು ಅಗತ್ಯಕ್ಕಿಂತ ದೊಡ್ಡದು ಮಾಡಲಾಗಿದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲದರಲ್ಲಿಯೂ ಒಂದೇ. ಸಾಮಾನ್ಯ ಬಳಕೆದಾರ ಗಮನಿಸಬೇಕಾದ ಮೊದಲ ಅಂಶ, ಬೆಂಬಲ ಎಷ್ಟು ವರ್ಷ ಎಂಬುದು. ಫೆಡೋರಾದ ಪ್ರತಿ ಆವೃತ್ತಿಯ ಆಯುಷ್ಯ ಸುಮಾರು 13 ತಿಂಗಳು; 2024ರಲ್ಲಿ ಬಂದ ಉಬುಂಟು 24.04 ಮತ್ತು ಅದನ್ನು ಆಧರಿಸಿದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಪದೇ ಪದೇ ನವೀಕರಿಸಿಕೊಡುವವರಿಲ್ಲದ ಕಡೆ ಎರಡನೆಯ ಬಗೆಯೇ ಸರಿ. ಮಿಂಟ್‌ನ ಪರದೆ ವಿಂಡೋಸ್‌ನದ್ದನ್ನೇ ಹೋಲುವುದರಿಂದ ಕೈಗೆ ಬೇಗ ಒಗ್ಗುತ್ತದೆ. ಕಡಿಮೆ ಸ್ಮೃತಿಯ ಯಂತ್ರಕ್ಕೆ ಅದರದ್ದೇ ಹಗುರವಾದ ಎಕ್ಸ್‌ಎಫ್‌ಸಿಇ ರೂಪವಿದೆ. ಹಾರ್ಡ್‌ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್ ಮತ್ತು ವೈಫೈ ಕೆಲಸ ಮಾಡುತ್ತವೆಯೇ ಎಂದು ಮೊದಲೇ ಪರೀಕ್ಷಿಸಬಹುದು.

ಇನ್ನು ಕನ್ನಡದ ವಿಷಯ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಲ್ಲವರಿಗೆಲ್ಲ ಪರಿಚಿತವಾದ ಕಗಪ ಕೀಲಿಮಣೆ ಈ ವಿತರಣೆಗಳಲ್ಲಿ ಅಂತರ್ಗತವಾಗಿಯೇ ಇದೆ. ಬೇರೆ ತಂತ್ರಾಂಶ ಬೇಡ. ನಿಜವಾದ ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರುವ ಮುನ್ನ, ಬಂದ ಮೇಲೆಯೂ ಬಹುಕಾಲ, ನಾವು ಬರೆದಿಟ್ಟದ್ದು ಫಾಂಟ್ ಎಂಬ ಕನ್ನಡದ ಮುಖವಾಡ ತೊಟ್ಟ ರೋಮನ್ ಸಂಕೇತಗಳನ್ನು. ಆ ಫಾಂಟ್ ಇಲ್ಲದೆಡೆ ಠರಾವು ಪುಸ್ತಕವೂ ಲಗ್ನಪತ್ರಿಕೆಯೂ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಇದು ಲಿನಕ್ಸ್‌ನ ದೋಷವಲ್ಲ. ಅದೇ ಕಡತ ಮೊಬೈಲಿನಲ್ಲಿಯೂ ಹಾಗೆಯೇ ಕಾಣುತ್ತದೆ. ಅರವಿಂದ ವಿ.ಕೆ. ಅವರು ರಚಿಸಿದ ಮುಕ್ತ ಪರಿವರ್ತಕದಂತಹ ಸಾಧನಗಳಿಂದ ಇವನ್ನು ಯೂನಿಕೋಡ್‌ಗೆ ತರಬಹುದು. ವಿತರಣೆಯನ್ನು ಆರಿಸುವ ಮುನ್ನ ಮಾಡಬೇಕಾದ ಕೆಲಸ ಇದು.

ಮಿತಿಗಳನ್ನು ಮುಚ್ಚಿಡುವುದೂ ತರವಲ್ಲ. ವ್ಯಾಪಾರಿಗಳು ನಂಬಿಕೊಂಡಿರುವ ಟ್ಯಾಲಿ ವಿಂಡೋಸ್‌ಗಾಗಿ ರೂಪುಗೊಂಡದ್ದು. ಪೇಜ್‌ಮೇಕರ್‌ನ ಕಡತಗಳಿಗೆ ಲಿನಕ್ಸ್‌ನಲ್ಲಿ ಸುಲಭದ ಉತ್ತರವಿಲ್ಲ. ಹೊಸ ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇದೆ. ಅಂಥ ಕೆಲಸಕ್ಕೆ ಒಂದು ವಿಂಡೋಸ್ ಯಂತ್ರ ಉಳಿಸಿಕೊಂಡು ಮಿಕ್ಕವನ್ನು ಬದಲಿಸುವುದೇ ವಿವೇಕ.

ಇಷ್ಟೆಲ್ಲವನ್ನೂ ಪ್ರತಿಯೊಬ್ಬ ಅಂಗಡಿಯವನೂ, ಪ್ರತಿಯೊಬ್ಬ ಮುಖ್ಯೋಪಾಧ್ಯಾಯರೂ ಒಬ್ಬರೇ ಕುಳಿತು ಲೆಕ್ಕ ಹಾಕಬೇಕೆ? ನೆರೆಯ ಕೇರಳ ಬೇಡ ಎಂದಿತು. 2001ರಲ್ಲಿ ಆರಂಭವಾದ ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ ಅದೇ ದಶಕದಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಅದರ ಉತ್ತರಾಧಿಕಾರಿಯಾದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವಿತರಣೆಯನ್ನು ಸಿದ್ಧಪಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿಯೇ, ಕನ್ನಡದ ಪಠ್ಯಪುಸ್ತಕ ಹಿಡಿದು. ಅಲ್ಲಿ ಯಾವ ವಿತರಣೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಅನುಮಾನ ಬಂದರೆ ಕೇಳಲು ಪಕ್ಕದ ಶಾಲೆಯ ಶಿಕ್ಷಕರಿದ್ದಾರೆ.

ನಮ್ಮಲ್ಲಿಯೂ ಇಂಥ ಪ್ರಯತ್ನ ನಡೆದಿದೆ. 2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆಯ ಮೂಲಕ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ತರಬೇತಿ ನೀಡಿತು. ಆದರೆ ಕೇರಳದಂತೆ ಅದು ಇಡೀ ವ್ಯವಸ್ಥೆಯ ನಿತ್ಯದ ರೂಢಿಯಾಗಿ ಬೇರೂರಲಿಲ್ಲ. ಎರಡು ರಾಜ್ಯಗಳ ವ್ಯತ್ಯಾಸವಿರುವುದು ತಂತ್ರಜ್ಞಾನದಲ್ಲಲ್ಲ, ಒಂದನ್ನು ಆರಿಸಿ ಅದಕ್ಕೆ ಕಟ್ಟುಬೀಳುವ ಸಂಕಲ್ಪದಲ್ಲಿ.

ಆದ್ದರಿಂದ ಸರ್ಕಾರ ಶಾಲೆಗಳಿಗೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೂ ದೀರ್ಘಾವಧಿ ಬೆಂಬಲದ ಒಂದು ವಿತರಣೆಯನ್ನು ಗೊತ್ತುಮಾಡಬೇಕು. ಅದರಲ್ಲಿ ಕನ್ನಡದ ಕೀಲಿಮಣೆ, ಫಾಂಟು, ಪರಿವರ್ತಕಗಳು ಮೊದಲೇ ಅಳವಟ್ಟಿರಬೇಕು. ಪ್ರತಿ ತಾಲ್ಲೂಕಿನಲ್ಲಿಯೂ ಅದನ್ನು ಬಲ್ಲ ನಾಲ್ವರನ್ನಾದರೂ ತಯಾರು ಮಾಡಬೇಕು. ಸಂಸ್ಥೆಗಳು ನಡೆದ ದಾರಿಯಲ್ಲಿ ಅಂಗಡಿಗಳೂ ಮನೆಗಳೂ ತಾವಾಗಿಯೇ ನಡೆಯುತ್ತವೆ.

ಅದಾಗುವವರೆಗೆ ಓದುಗರಿಗೆ ನನ್ನ ಸಲಹೆ ಸರಳವಾದದ್ದು. ಶ್ರೇಷ್ಠ ವಿತರಣೆಯ ಹುಡುಕಾಟ ಬಿಡಿ. ನಿಮ್ಮ ಊರಿನ ಶಿಕ್ಷಕರೋ, ಪಕ್ಕದ ಪಟ್ಟಣದ ರಿಪೇರಿಯವರೋ, ಕಾಲೇಜಿಗೆ ಹೋಗುವ ನೆರೆಮನೆಯ ಹುಡುಗಿಯೋ ಯಾವುದನ್ನು ಬಲ್ಲರೋ ಅದನ್ನೇ ಹಾಕಿಸಿಕೊಳ್ಳಿ. ಯಾರೂ ಇಲ್ಲವಾದರೆ ಮಿಂಟ್ ಸಾಕು. ಅದನ್ನು ಕಲಿತ ಮೇಲೆ ಊರಿನ ಮತ್ತೊಬ್ಬರಿಗೆ ಆ ನೆರವಿನ ಕೈ ನೀವೇ ಆಗುತ್ತೀರಿ.