ಹದಿನೆಂಟು ತುಂಬಿದ ಸಂತ್ರಸ್ತೆಗೆ ಜತೆ ಯಾರು?

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿನ ಜತೆ ತನಿಖೆಯಿಂದ ವಿಚಾರಣೆಯ ಅಂತ್ಯದವರೆಗೆ ಇರಲು 'ಬೆಂಬಲ ವ್ಯಕ್ತಿ'ಯನ್ನು ಒದಗಿಸುವ ಅವಕಾಶ 2020ರ ಪೋಕ್ಸೊ ನಿಯಮಗಳಲ್ಲಿದೆ. ಸಂತ್ರಸ್ತೆಗೆ ಹದಿನೆಂಟು ತುಂಬಿದ್ದರೆ ಈ ನಿಯಮಗಳು ಅನ್ವಯಿಸುವುದಿಲ್ಲ.

ಹಾಗೆಂದು ಕಾನೂನು ವಯಸ್ಕರನ್ನು ಪೂರ್ಣ ಕೈಬಿಟ್ಟಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡೂ ಸಂತ್ರಸ್ತೆಗೆ ತಕ್ಷಣ ಉಚಿತ ಚಿಕಿತ್ಸೆ ನೀಡಲೇಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಮಾನಸಿಕ ಆರೈಕೆಯನ್ನೂ ಚಿಕಿತ್ಸೆಯ ಭಾಗವಾಗಿಯೇ ಕಂಡಿದೆ. ಆದರೆ 'ತಕ್ಷಣ'ದ ನಂತರವೇ ನಿಜವಾದ ಕಷ್ಟ ಆರಂಭವಾಗುತ್ತದೆ. ದೇಹದ ಗಾಯ ಮಾಯ್ದರೂ ನಿದ್ರಾಹೀನತೆ, ಬೆಚ್ಚಿಬೀಳುವಿಕೆ, ತಪ್ಪು ತನ್ನದೇ ಎಂಬ ಭಾವ ವರ್ಷಗಟ್ಟಲೆ ಕಾಡಬಹುದು. ಸಾಕ್ಷ್ಯ ನುಡಿಯಲು ಸಮನ್ಸ್ ಬಂದ ದಿನ ಮತ್ತೆ ಕೆರಳಬಹುದು.

ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಧಾರವಾಡ ತಾಲ್ಲೂಕಿನ ಗರಗವನ್ನೇ ನೋಡೋಣ. ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ 'ಡಿಮ್ಹಾನ್ಸ್' ಇರುವುದು ಧಾರವಾಡದಲ್ಲಿಯೇ. ಹಾದಿ ದೂರವಲ್ಲ, ಅಡ್ಡಿಯಾಗುವುದು ಲೋಕಾಪವಾದದ ಅಂಜಿಕೆ. ಎಲ್ಲರೂ ಎಲ್ಲರನ್ನು ಬಲ್ಲ ಇಂತಹ ಊರುಗಳಲ್ಲಿ ಮನೋವೈದ್ಯರಲ್ಲಿಗೆ ಹೊರಟ ಹೆಣ್ಣುಮಗಳು ಮನೆಗೂ ಓಣಿಗೂ ಕಾರಣ ಹೇಳಬೇಕಾಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಉಚಿತ ಸಹಾಯವಾಣಿ 'ಟೆಲಿ ಮನಸ್' (14416) ಈ ಮುಜುಗರವನ್ನು ತಪ್ಪಿಸುತ್ತದೆ ನಿಜ. ಆದರೆ ದೂರವಾಣಿಯ ದನಿ ನ್ಯಾಯಾಲಯದ ಮೆಟ್ಟಿಲಿನವರೆಗೆ ಜತೆ ಬಾರದು.

ಹೊಸ ಸಂಸ್ಥೆ ಕಟ್ಟುವ ಅಗತ್ಯವಿಲ್ಲ. ಆಪ್ತ ಸಮಾಲೋಚನೆ, ಕಾನೂನು ನೆರವು ನೀಡಲೆಂದೇ 'ಸಖಿ' ಕೇಂದ್ರಗಳ ಯೋಜನೆ 2015ರಿಂದ ಇದೆ. ಪ್ರಕರಣ ಮುಗಿಯುವವರೆಗೆ ಒಬ್ಬರೇ ಸಮಾಲೋಚಕಿ ಜತೆಗಿರುವ ಹೊಣೆಯನ್ನು ಅವಕ್ಕೆ ವಹಿಸಿ, ಅದನ್ನು ವಯಸ್ಕ ಸಂತ್ರಸ್ತೆಯ ಹಕ್ಕೆಂದು ನಿಯಮದಲ್ಲಿಯೇ ಬರೆಯಬೇಕು. ಧೈರ್ಯವಾಗಿ ಸಾಕ್ಷ್ಯ ನುಡಿಯಬೇಕೆಂದು ಆಕೆಯಿಂದ ಬಯಸುವ ವ್ಯವಸ್ಥೆ, ಆ ಧೈರ್ಯವನ್ನು ಕಾಯುವ ಹೊಣೆಯನ್ನೂ ಹೊರಬೇಕಲ್ಲವೇ?