ಸಾವಿನ ಸುದ್ದಿಗೂ ಸಾಕ್ಷಿ ಬೇಕು



ಶಂಕರ್‌ನಾಗ್ ನಮ್ಮನ್ನಗಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಆದರೂ ನಾಡಿನ ಆಟೋಗಳ ಬೆನ್ನ ಮೇಲೆ ಅವರ ಮುಖ ಇನ್ನೂ ನಗುತ್ತಿದೆ. ಅದು ಸಂತೋಷದ ಸಂಗತಿ. ಸಂತೋಷ ತಾರದ ಸಂಗತಿಯೆಂದರೆ, ಅವರ ಸಾವಿನ ಸುತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿರುವ ಕಥೆಗಳು. ವಯಸ್ಸು ಮೂವತ್ತೈದೆಂದು ಒಬ್ಬರು, ಮೂವತ್ತಾರೆಂದು ಇನ್ನೊಬ್ಬರು. ಚಿತ್ರದುರ್ಗ ಜಿಲ್ಲೆಯೆಂದು ಕೆಲವರು, ದಾವಣಗೆರೆ ಜಿಲ್ಲೆಯೆಂದು ಹಲವರು. ಅದು ಅಪಘಾತವೇ ಅಲ್ಲವೆಂದು ಪಿಸುಗುಟ್ಟುವವರು ಬೇರೆ.

ಇವುಗಳಲ್ಲಿ ಮೊದಲೆರಡು ವಿವಾದಗಳನ್ನು ಮನೆಯಲ್ಲಿ ಕುಳಿತೇ ಬಗೆಹರಿಸಬಹುದು. ಅವರು ಹುಟ್ಟಿದ್ದು 1954ರ ನವೆಂಬರ್ 9. ತೀರಿಕೊಂಡಿದ್ದು 1990ರ ಸೆಪ್ಟೆಂಬರ್ 30, ಭಾನುವಾರ. ಕೂಡಿ ಕಳೆದರೆ ಮೂವತ್ತೈದು ವರ್ಷ ತುಂಬಿ, ಮೂವತ್ತಾರನೆಯದು ನಡೆಯುತ್ತಿತ್ತು. ಇಬ್ಬರ ಲೆಕ್ಕಕ್ಕೂ ಆಧಾರವಿದೆ. ತುಂಬಿದ ವರ್ಷ ಯಾವುದು, ನಡೆಯುವ ವರ್ಷ ಯಾವುದು ಎಂದು ಹೇಳಿದರೆ ಜಗಳವಿಲ್ಲ.

ಅಪಘಾತ ನಡೆದದ್ದು ದಾವಣಗೆರೆ ಸಮೀಪದ ಆನಗೋಡಿನಲ್ಲಿ. ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕಾಗಿ ಅವರು ಉತ್ತರ ಕರ್ನಾಟಕದತ್ತ ಹೊರಟಿದ್ದರು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1990ರಲ್ಲಿ ಆ ಊರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಅಂದಿನ ರಾಷ್ಟ್ರೀಯ ಹೆದ್ದಾರಿ 4 ಇಂದು 48 ಆಗಿದೆ. ಹೆಸರು ಬದಲಾದುದನ್ನು ಅರಿಯದವರಿಗೆ ಎರಡು ಬರಹಗಳು ಒಂದನ್ನೊಂದು ಸುಳ್ಳಾಗಿಸುವಂತೆ ಕಾಣುತ್ತವೆ. ಅಲ್ಲಿಂದಲೇ ‘ಏನನ್ನೋ ಮುಚ್ಚಿಟ್ಟಿದ್ದಾರೆ’ ಎಂಬ ಅನುಮಾನ ಮೊಳೆಯುತ್ತದೆ.

ಮೂರನೆಯ ಮಾತು ಬೇರೆ ಜಾತಿಯದು. ಅಪಘಾತದ ಕಾರಣವನ್ನು ಹೇಳಬೇಕಾದವರು ಸ್ಥಳ ಪರಿಶೀಲಿಸಿದ ಪೊಲೀಸರು, ಪರೀಕ್ಷಿಸಿದ ವೈದ್ಯರು, ಮತ್ತು ಕಾರಿನಲ್ಲಿದ್ದು ಬದುಕುಳಿದವರು. ‘ನನಗೆ ಗೊತ್ತಿರುವವರೊಬ್ಬರು ಹೇಳಿದರು’ ಎಂಬುದು ಸಾಕ್ಷಿಯಲ್ಲ. ಲೆಕ್ಕದ ತಪ್ಪಿನಿಂದ ಯಾರಿಗೂ ನೋವಾಗದು. ಪಿತೂರಿಯ ಕಥೆಯಿಂದ ಆಗುತ್ತದೆ. ಅರುಂಧತಿ ನಾಗ್ ಅದೇ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡು, ಚೇತರಿಸಿಕೊಂಡು, ಮುಂದೆ ‘ರಂಗಶಂಕರ’ವನ್ನು ಕಟ್ಟಿ ನಿಲ್ಲಿಸಿದರು, 2004ರಲ್ಲಿ ಅದರ ಬಾಗಿಲು ತೆರೆಯಿತು. ಆ ರಾತ್ರಿಯನ್ನು ಬದುಕಿ ಬಂದವರ ಕಿವಿಗೆ ನಮ್ಮ ಜಗಲಿಯ ಊಹೆಗಳು ಹೇಗೆ ಕೇಳಿಸಬಹುದೆಂದು ಒಮ್ಮೆ ಯೋಚಿಸಿ.

ನಮ್ಮ ಸೀಮೆಯವರಿಗೆ ಈ ವಿವೇಕ ಹೊಸದಾಗಬಾರದು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಸ್ತಂಭವೊಂದು ವೀರಬಲ್ಲಾಳನ ಗರುಡನಾಗಿದ್ದ ಕುವರ ಲಕ್ಷ್ಮನ ಆತ್ಮಾರ್ಪಣೆಯನ್ನು ದಾಖಲಿಸಿದೆ, ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಯಾರು ಬೇಕಾದರೂ ಓದಿ ನೋಡಬಹುದು. ಬೇಲೂರಿನಲ್ಲಿ ಜಕಣಾಚಾರಿ ಬಲಗೈ ಕತ್ತರಿಸಿಕೊಂಡ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಅಲ್ಲಿಯ ಶಿಲ್ಪಗಳ ಕೆಳಗೆ ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಕಥೆ ಸೊಗಸಾಗಿದೆ, ಮಕ್ಕಳಿಗೆ ಹೇಳೋಣ. ಆದರೆ ಕಥೆಯೆಂದೇ ಹೇಳೋಣ. ಕಲ್ಲಿನ ಮೇಲಿರುವುದು ಬೇರೆ, ನಾಲಗೆಯ ಮೇಲಿರುವುದು ಬೇರೆ. ಜಕಣನ ಕಥೆಯಿಂದ ನೋಯುವವರು ಇಂದು ಯಾರೂ ಇಲ್ಲ. ಶಂಕರ್‌ನಾಗ್ ಅವರ ವಿಷಯದಲ್ಲಿ ಹಾಗೆ ಹೇಳಲಾಗದು.

ಇನ್ನೊಂದು ಮಾತು. 1985ರಲ್ಲಿ ಅವರು ನಿರ್ದೇಶಿಸಿದ ‘ಆಕ್ಸಿಡೆಂಟ್’ ಚಿತ್ರವನ್ನು ಅವರ ಸಾವಿನ ಮುನ್ಸೂಚನೆಯೆಂದು ಬಣ್ಣಿಸುವವರಿದ್ದಾರೆ. ರಸ್ತೆ ಅಪಘಾತದ ಚಿತ್ರ ತೆಗೆದವರು ರಸ್ತೆಯಲ್ಲೇ ತೀರಿಕೊಂಡದ್ದು ದುರ್ದೈವ, ಭವಿಷ್ಯವಾಣಿಯಲ್ಲ. ಆ ಚಿತ್ರದ ಪಾಠವೇ ಬೇರೆ. ಅದರಲ್ಲಿ ಅವರು ಪತ್ರಕರ್ತನ ಪಾತ್ರ ವಹಿಸಿ, ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರ ಸಾವಿನ ಸತ್ಯವನ್ನು ಸಾಕ್ಷಿಗಳ ಬೆನ್ನು ಹತ್ತಿ ಹುಡುಕುತ್ತಾರೆ. ಅಂಥವರ ಅಭಿಮಾನಿಗಳು ಅವರ ಸಾವಿನ ಬಗ್ಗೆಯೇ ಸಾಕ್ಷಿಯಿಲ್ಲದ ಮಾತನ್ನು ಹರಡುವುದು ಯಾವ ಬಗೆಯ ಅಭಿಮಾನ?

ಆದುದರಿಂದ ಇಂಥ ಸುದ್ದಿ ಮೊಬೈಲಿಗೆ ಬಂದಾಗ ಮೂರು ಪ್ರಶ್ನೆ ಕೇಳಿ: ಹೇಳಿದವರು ಯಾರು? ಅವರಿಗೆ ತಿಳಿದದ್ದು ಹೇಗೆ? ಸುಳ್ಳಾದರೆ ನೋಯುವವರು ಯಾರು? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ. ತೀರಿಹೋದವರು ಎದ್ದು ಬಂದು ತಿದ್ದಲಾರರು. ಅವರ ಪರವಾಗಿ ತಿದ್ದುವ ಹೊಣೆ ಉಳಿದಿರುವ ನಮ್ಮದು.